ಸಾಕಮ್ಮನ ಮನೆಯ ಕೆಳಗಿನ ತೂಬು

ಕೊರೋನಾ ಕಾಲ ಕಳೆದ ಮೇಲಿನ ಎರಡನೆಯ ಬೇಸಿಗೆಯಲ್ಲಿ ನಾನು ಒಂದು ಮನೆ ಕಟ್ಟುವ ಕೆಲಸ ಹಿಡಿದೆ. ಶ್ರೀರಂಗಪಟ್ಟಣದಿಂದ ಪಾಂಡವಪುರಕ್ಕೆ ಹೋಗುವ ದಾರಿಯಲ್ಲಿ, ಕಿರಂಗೂರು ದಾಟಿ ಒಂದಿಷ್ಟು ಒಳಗೆ ಸಿಗುವ ಊರು ಅದು. ನನ್ನ ಯಜಮಾನರು, ಅಂದರೆ ನಿಮ್ಮ ತಾತ, ತೀರಿಕೊಂಡು ವರ್ಷ ಕಳೆದಿತ್ತು. ಅವರಿಲ್ಲದೆ, ಪಾಯ ತೆಗೆಯುವುದರಿಂದ ಹಿಡಿದು ಹಾಲು ಉಕ್ಕಿಸುವ ತನಕ ನಾನೇ ಮೇಸ್ತ್ರಿಯಾಗಿ ನಿಂತ ಮೊದಲ ಮನೆ. ಮಕ್ಕಳೇ, ಅದಾದ ಮೇಲೆ ಎಷ್ಟೋ ಮನೆ ಕಟ್ಟಿದ್ದೇನೆ. ಆದರೆ ಕೆಲಸದ ಮಾತು ಬಂದಾಗಲೆಲ್ಲ ನನಗೆ ಮೊದಲು ನೆನಪಾಗುವುದು ಆ ಮನೆಯೇ.

ನಾನು ಕೆ.ಆರ್. ಪೇಟೆ ತಾಲ್ಲೂಕಿನ ಸಿಂಧಘಟ್ಟದ ಶಾಲೆಯಲ್ಲಿ ಏಳನೆಯ ತರಗತಿಯವರೆಗೆ ಓದಿದವಳು. ನಿಮ್ಮ ತಾತನ ಮನೆಯವರು ಹಿಂದಿನಿಂದಲೂ ಮರಗೆಲಸದ ಆಚಾರ್ರು. ರೆಡಿಮೇಡ್ ಬಾಗಿಲು ಬಂದು ಮರಗೆಲಸ ಕಡಿಮೆಯಾದಾಗ ತಾತ ಉಳಿ ಕೆಳಗಿಟ್ಟು ಕರಣೆ ಹಿಡಿದರು. ಗಾರೆ ಕೆಲಸ ಕಲಿತು, ಆಮೇಲೆ ಮನೆ ಕೆಲಸವನ್ನೇ ವಹಿಸಿಕೊಳ್ಳತೊಡಗಿದರು. ನಾನು ಮೊದಲು ಅವರ ಕೆಲಸದಲ್ಲಿ ಮರಳು ಹೊತ್ತೆ. ಆಮೇಲೆ ಹೊಸ ಗೋಡೆಗೆ ನೀರು ಹಾಕುವ ಕ್ಯೂರಿಂಗ್ ನೋಡಿಕೊಂಡೆ. ಕೊನೆಗೆ ದಾರ ಕಟ್ಟುವುದು, ಟ್ಯೂಬ್ ಲೆವೆಲ್ ಹಿಡಿಯುವುದು ಕಲಿತೆ. ಟ್ಯೂಬ್ ಲೆವೆಲ್ ಎಂದರೆ ನೀರು ತುಂಬಿದ ತೆಳು ಪೈಪು. ಅದರ ಎರಡು ತುದಿಯಲ್ಲೂ ನೀರು ಒಂದೇ ಮಟ್ಟಕ್ಕೆ ನಿಲ್ಲುವುದರಿಂದ, ಮನೆಯ ಎರಡು ಮೂಲೆಗಳ ಎತ್ತರ ಸಮ ಇದೆಯೇ ಎಂದು ತಿಳಿಯುತ್ತದೆ. ತಾತ ಹೋದ ಮೇಲೆ ಅವರ ಆಳುಗಳು ಬೇರೆಯವರ ಹತ್ತಿರ ಹೋಗುತ್ತಾರೆ ಎಂದುಕೊಂಡಿದ್ದೆ. ಆದರೆ ಹಿರಿಯ ಗಾರೆಯವನಾದ ಜವರ ನಮ್ಮ ಮನೆಗೆ ಬಂದು, "ನೀವು ಬಾಯಿ ಬುಟ್ಟು ಒಂದ್ ಮಾತಾಡಿ ರತ್ನಕ್ಕ, ಮಿಕ್ಕಿದ್ದು ನಾವ್ ನೋಡ್ಕತೀವಿ" ಎಂದ. ಮಾತಾಡುವುದೇ ನನಗೆ ಕಷ್ಟದ ಕೆಲಸ. ನಾಲ್ಕು ಜನರ ಎದುರು ನಿಂತರೆ ಸೆರಗು ಹಿಡಿದುಕೊಂಡು ನೆಲ ನೋಡುತ್ತಿದ್ದವಳು ನಾನು. ಆದರೂ ಒಪ್ಪಿಕೊಂಡೆ.

ಮನೆ ಕಟ್ಟಿಸುವವಳು ಸಾಕಮ್ಮ. ಗಂಡ ಇಲ್ಲ. ಮೂರು ಸೀಮೆ ಹಸು ಸಾಕಿ, ಡೈರಿಗೆ ಹಾಲು ಹಾಕಿ, ಮಗ ಮಾದೇಶನನ್ನು ಬೆಳೆಸಿದವಳು. ಮಾದೇಶ ಹಾಲಿನ ವ್ಯಾನು ಓಡಿಸುತ್ತಿದ್ದ. ಗಂಡನ ಅಣ್ಣತಮ್ಮಂದಿರು ಬೇರೆಯಾದಾಗ ಸಾಕಮ್ಮನ ಪಾಲಿಗೆ ಊರ ಅಂಚಿನ ಈ ಜಾಗ ಬಂದಿತ್ತು. ಹಿಂದೆ ಗದ್ದೆಯಾಗಿದ್ದು, ಯಾರೋ ಯಾವಾಗಲೋ ಮಣ್ಣು ತುಂಬಿ ಮಟ್ಟ ಮಾಡಿದ ಜಾಗ. ಅದರ ಒಂದು ಮೂಲೆಯಲ್ಲಿ ಶೀಟು ಹೊದಿಸಿದ ಕೊಟ್ಟಿಗೆ. ಹಸುಗಳ ಪಕ್ಕದಲ್ಲೇ ಒಂದು ಗೋಡೆ ಎಬ್ಬಿಸಿಕೊಂಡು ತಾಯಿ ಮಗ ಇಬ್ಬರೂ ಇದ್ದರು. ಮಾದೇಶನಿಗೆ ನಾಗಮಂಗಲದ ಕಡೆಯ ಒಂದು ಊರಿನಲ್ಲಿ ಹೆಣ್ಣು ಗೊತ್ತಾಗಿತ್ತು. ಹುಡುಗಿಯೂ ಒಪ್ಪಿದ್ದಳು. ಅವಳ ಅಪ್ಪ ಬೆಟ್ಟೇಗೌಡರು ಮಾತ್ರ ಕೊಟ್ಟಿಗೆ ನೋಡಿ, "ಮನೆ ಏಳ್ಲಿ, ಆಮೇಲೆ ಲಗ್ನದ ಮಾತು" ಎಂದು ಹೇಳಿ ಹೋಗಿದ್ದರು. ಈ ಕಡೆ ಊರಲ್ಲೇ ಉಳಿದ ಹುಡುಗರಿಗೆ ಹೆಣ್ಣು ಸಿಗುವುದು ಎಷ್ಟು ಕಷ್ಟವೆಂದು ನಿಮಗೂ ಗೊತ್ತು. ಮಾದೇಶನಿಗೆ ಮೂರು ಕಡೆ ಆಗಲೇ ತಪ್ಪಿಹೋಗಿತ್ತು. ಹಾಗಾಗಿ ಆ ಮನೆ ಬರಿಯ ಮನೆಯಾಗಿರಲಿಲ್ಲ. ಆ ಹುಡುಗನ ಬಾಳೇ ಅದರ ಮೇಲೆ ನಿಂತಿತ್ತು.

ನಮ್ಮ ಕಡೆ ಮನೆ ಕಟ್ಟುವ ಮೊದಲು ಆಯ ನೋಡುತ್ತಾರೆ. ಮನೆಯ ಹೊರಗಿನ ಉದ್ದ ಅಗಲಗಳನ್ನು ಲೆಕ್ಕಕ್ಕೆ ಹಾಕಿ, ಒಳ್ಳೆಯ ಆಯ ಬರುವಂತೆ ಅಂಗುಲ ಅಂಗುಲ ಕೂಡಿಸಿ ಕಳೆದು ಅಳತೆ ಗೊತ್ತುಮಾಡುವುದು ಅದು. ಹಸು ಸಾಕುವ ಮನೆಗೆ ವೃಷಭಾಯವೇ ಆಗಬೇಕು ಎಂದು ಸಾಕಮ್ಮ ಪಟ್ಟು ಹಿಡಿದಳು. ಲೆಕ್ಕ ಹಾಕಿ ಕೊಟ್ಟೆ. ಒಂದು ಪಕ್ಕದಲ್ಲಿ ರಸ್ತೆ, ಇನ್ನೊಂದು ಪಕ್ಕದಲ್ಲಿ ಬೇರೆಯವರ ಗೋಡೆ, ಹಿಂದೆ ಕೊಟ್ಟಿಗೆ. ಆ ಅಳತೆಯ ಮನೆ ಅಲ್ಲಿ ಸರಿಯಾಗಿ ಕೂರುತ್ತಿತ್ತು. ಆಚೀಚೆ ಸರಿಸಲು ಒಂದು ಮೊಳ ಜಾಗವೂ ಇರಲಿಲ್ಲ.

ಗುದ್ದಲಿ ಪೂಜೆ ಆಯಿತು. ಸುಣ್ಣದ ಪುಡಿಯಿಂದ ಗೆರೆ ಹಾಕಿ ಪಾಯ ತೆಗೆಯಲು ಶುರು ಮಾಡಿದೆವು. ಆಗ ಊರ ಪಕ್ಕದ ನಾಲೆಗೆ ನೀರು ಬಿಡುವುದು ನಿಂತಿತ್ತು. ನೆಲ ಒಣಗಿ ಗಟ್ಟಿಯಾಗಿತ್ತು. ನಾಲ್ಕಡಿ ಆಳಕ್ಕೆ ಹೋಗುವಷ್ಟರಲ್ಲಿ, ಹಾಲ್‌ಗೆ ಬರುವ ಜಾಗದಲ್ಲಿ ಪಿಕಾಸಿ ಠಣ್ ಎಂದಿತು. ಜವರ ಮಣ್ಣು ಕೆರೆದು ನೋಡಿದ. ಚಪ್ಪಟೆಯಾದ ಕಲ್ಲು. ಅಡ್ಡಡ್ಡಲಾಗಿ ಹಾರೆ ಹಾಕಿ ನೋಡಿದ. ಅಲ್ಲಾಡಲಿಲ್ಲ.

"ಬಂಡೆ ಸಿಕ್ತು ಕಣಕ್ಕ," ಎಂದು ಬೆವರು ಒರೆಸಿಕೊಂಡು ನಕ್ಕ. "ಇದರ ಮ್ಯಾಲೆ ಮನೆ ಏನು, ಅರಮನೆ ಕಟ್ಟುದ್ರೂ ಅಳ್ಳಾಡಲ್ಲ."

ಎಲ್ಲರಿಗೂ ಸಂತೋಷವಾಯಿತು. ಪಾಂಡವಪುರದ ಸುತ್ತ ಬಂಡೆಗಳಿಗೆ ಕೊರತೆಯಿಲ್ಲ. ಪಾಯ ತೆಗೆಯುವಾಗ ಬಂಡೆ ಸಿಕ್ಕಿದರೆ ಅಲ್ಲಿಗೆ ಅಗೆತ ನಿಲ್ಲಿಸಿ ಅದರ ಮೇಲೆಯೇ ಕಲ್ಲು ಕಟ್ಟುವುದು ರೂಢಿ. ಸಾಕಮ್ಮ ಆ ಕಲ್ಲಿಗೆ ಅರಿಶಿನ ಕುಂಕುಮ ಇಟ್ಟು, ಆಳುಗಳಿಗೆಲ್ಲ ಪಾಯಸ ಮಾಡಿಸಿ ಹಾಕಿದಳು. ನಮ್ಮಲ್ಲಿ ಯಾರಿಗೂ ಬೇರೆ ಯೋಚನೆಯೇ ಬರಲಿಲ್ಲ.

ಅದೇ ವಾರ ಬೆಳೆದು ನಿಂತಿದ್ದ ಪೈರಿಗೆಂದು ನಾಲೆಗೆ ಒಂದು ಕಟ್ಟು ನೀರು, ಅಂದರೆ ಒಂದು ಸರದಿಯ ನೀರು, ಬಿಟ್ಟರು. ಬೆಳಿಗ್ಗೆ ಕೆಲಸಕ್ಕೆ ಹೋದಾಗ ಪಾಯದ ಗುಂಡಿಯಲ್ಲಿ ಮೊಣಕಾಲುದ್ದ ನೀರು ನಿಂತಿತ್ತು. ಮಳೆ ಬಂದಿರಲಿಲ್ಲ. ಮೇಲಿನಿಂದ ಹರಿದು ಬಂದ ಗುರುತೂ ಇರಲಿಲ್ಲ. ಗದ್ದೆ ನೆಲದಲ್ಲಿ ಜೌಗು ಬರುವುದು ನನಗೆ ಹೊಸದಲ್ಲ. ಆದರೆ ಜೌಗಿನ ನೀರು ಕದಡಿರುತ್ತದೆ, ನಿಂತಲ್ಲೇ ನಿಂತಿರುತ್ತದೆ. ಈ ನೀರು ತಿಳಿಯಾಗಿತ್ತು. ತಳದಲ್ಲಿ ಸಾಕಮ್ಮ ಇಟ್ಟ ಕುಂಕುಮದ ಕಲೆ ಕೂಡ ಕಾಣುತ್ತಿತ್ತು. ಒಂದು ಹುಲ್ಲುಕಡ್ಡಿ ಹಾಕಿದೆ. ಅದು ಮೆಲ್ಲಗೆ ತಿರುಗಿ, ಪಡುವಣದಿಂದ ಮೂಡಣಕ್ಕೆ ಹೊರಟಿತು. ನೀರು ನಡೆಯುತ್ತಿತ್ತು.

"ಗಂಗಮ್ಮ ಬಂದವ್ಳೆ," ಎಂದು ಸಾಕಮ್ಮ ಕೈ ಮುಗಿದಳು. ಅವಳ ದನಿಯಲ್ಲಿ ಭಕ್ತಿಯೂ ಇತ್ತು, ಹೆದರಿಕೆಯೂ ಇತ್ತು.

ಮಾದೇಶ ಹಾಲಿನ ವ್ಯಾನು ರಸ್ತೆಯಲ್ಲೇ ನಿಲ್ಲಿಸಿ ಓಡಿ ಬಂದ. "ಗಂಗಮ್ಮನೂ ಇಲ್ಲ, ಪಂಗಮ್ಮನೂ ಇಲ್ಲ ಕಣವ್ವ. ಪಂಪು ಇಟ್ಟು ನೀರೆತ್ತಿ, ಒಂದ್ ಲೋಡು ಕಾಂಕ್ರೀಟ್ ಸುರುದು ಮುಚ್ಬುಡಿ ರತ್ನಕ್ಕ. ಮಾವನೋರ ಕಿವಿಗೆ ಬಿದ್ರೆ ನನ್ ಕತೆ ಮುಗೀತದೆ."

"ಇನ್ನೂ ಮಾವ ಆಗಿಲ್ಲ ಕಣ್ಲಾ," ಎಂದ ಜವರ.

"ಅದ್ಕೇ ಏಳ್ತಿರೋದು," ಎಂದ ಮಾದೇಶ.

ನಾನು ಆ ಹುಲ್ಲುಕಡ್ಡಿಯನ್ನೇ ನೋಡುತ್ತಿದ್ದೆ. ನೀರು ಎಲ್ಲಿಂದಲೋ ಬಂದು ಎಲ್ಲಿಗೋ ಹೋಗುತ್ತಿದೆ. ಎಲ್ಲಿಂದ, ಎಲ್ಲಿಗೆ ಎಂದು ತಿಳಿಯದೆ ಮುಚ್ಚುವುದು ಹೇಗೆ? ಜಾಗದ ಮೇಲ್ಗಡೆ, ಪಡುವಣಕ್ಕೆ, ನಾಲೆಯಿಂದ ಗದ್ದೆಗಳಿಗೆ ನೀರು ತರುವ ಸಣ್ಣ ಕಾಲುವೆಯೊಂದಿತ್ತು. ಅದರ ದಡದುದ್ದಕ್ಕೂ ನಡೆದು ನೋಡಿದೆ. ಒಂದು ಕಡೆ ಗರಿಕೆಯ ಬುಡದಲ್ಲಿ ನೀರು ಸುಳಿ ಸುತ್ತುತ್ತಿತ್ತು. ನೆಲಕ್ಕೆ ಹಾಕುವ ಕೆಂಪು ರೆಡಾಕ್ಸೈಡ್ ಪುಡಿ ನಮ್ಮ ಸಾಮಾನಿನಲ್ಲಿ ಇದ್ದೇ ಇರುತ್ತದೆ. ಒಂದು ಬೊಗಸೆ ತಂದು ಆ ಸುಳಿಯ ಮೇಲೆ ಉದುರಿಸಿ, ಬಂದು ಪಾಯದ ಅಂಚಿನಲ್ಲಿ ಕುಳಿತೆ. ಜವರ ನನ್ನನ್ನು ವಿಚಿತ್ರವಾಗಿ ನೋಡಿದ.

ಸ್ವಲ್ಪ ಹೊತ್ತಿಗೆ ಆ ಚಪ್ಪಟೆ ಕಲ್ಲಿನ ಅಂಚಿನಿಂದ ಕೆಂಪು ಎಳೆಯೊಂದು ಎದ್ದಿತು. ಮೊದಲು ದಾರದಷ್ಟು. ಆಮೇಲೆ ರಿಬ್ಬನ್ನಿನಷ್ಟು. ತಿಳಿನೀರಿನಲ್ಲಿ ಅದು ಬಳುಕುತ್ತಾ ಹೋಗಿ, ಕಲ್ಲಿನ ಇನ್ನೊಂದು ಅಂಚಿನಲ್ಲಿ ಒಳಕ್ಕೆ ಇಳಿದು ಮಾಯವಾಯಿತು. ನಮ್ಮ ಕಾಲ ಕೆಳಗೆ ಒಂದು ದಾರಿ ಇದೆ ಎನ್ನುವುದು ಆಗ ಖಾತ್ರಿಯಾಯಿತು.

ಆ ದಾರಿ ಎಲ್ಲಿಗೆ ಹೋಗುತ್ತದೆ ಎನ್ನುವುದನ್ನು ಹುಡುಕಿಕೊಂಡು ಹೋಗಬೇಕಾಗಲಿಲ್ಲ. ಉತ್ತರ ತಾನಾಗಿಯೇ ದಿಣ್ಣೆ ಹತ್ತಿ ಬಂತು. ಕೆಳಗಿನ ಬೀದಿಯ ಬೋರಮ್ಮ, ಸೀರೆ ಮೊಣಕಾಲಿನ ತನಕ ಎತ್ತಿ ಕಟ್ಟಿದವಳು, ಕೈಯಲ್ಲಿ ಒದ್ದೆ ಪಂಚೆ ಹಿಡಿದುಕೊಂಡು ಏದುಸಿರು ಬಿಡುತ್ತಾ ಬಂದಳು. ಪಂಚೆ ಕಾವಿ ಬಣ್ಣಕ್ಕೆ ತಿರುಗಿತ್ತು.

"ಯಾರವ್ವ ಅದು ನಮ್ ಕಟ್ಟೆಗೆ ಬಣ್ಣ ಕಲಸ್ದೋರು? ಬಿಳೇ ಪಂಚೆ ಒಗೀತಿದ್ದೆ. ನಮ್ ಯಜಮಾನ್ರು ಇದನ್ನ ಉಟ್ಕಂಡು ಸನ್ಯಾಸಿ ಆಗ್ಬೇಕಷ್ಟೆಯ."

"ಒಳ್ಳೇದೇ ಆಯ್ತು ಬುಡವ್ವ, ಮಠಕ್ಕೆ ಕಳ್ಸು," ಎಂದ ಜವರ.

"ನಿನ್ನ ಮೊದ್ಲು ಕಳಿಸ್ತೀನಿ ಕಣ್ಲಾ."

ನಾನು ಮುಂದೆ ಹೋಗಿ, ಬಣ್ಣ ಹಾಕಿದವಳು ನಾನೇ ಎಂದು ಹೇಳಿ, ಪಾಯದ ನೀರು ತೋರಿಸಿದೆ. ಬೋರಮ್ಮನ ಸಿಟ್ಟು ಇಳಿಯಿತು. ಕೆಳಗಿನ ಬೀದಿಯಲ್ಲಿ ಕಲ್ಲಿನ ಒಂದು ಕಟ್ಟೆಯಿದೆ. ಸಣ್ಣ ಹೊಂಡದಂಥದು. ಅಲ್ಲಿ ಬಟ್ಟೆ ಒಗೆಯುತ್ತಾರೆ, ದನಗಳು ನೀರು ಕುಡಿಯುತ್ತವೆ, ಅದರ ಕೋಡಿಯ ನೀರಿನಲ್ಲೇ ನಾಲ್ಕಾರು ಮನೆಯವರು ಸೊಪ್ಪು ಬೆಳೆಯುತ್ತಾರೆ. ನಾಲೆಗೆ ನೀರು ಬಿಟ್ಟಾಗಲೆಲ್ಲ ಆ ಕಟ್ಟೆ ತುಂಬುತ್ತದೆ. ಹೇಗೆ ತುಂಬುತ್ತದೆ ಎಂದು ಅವರಲ್ಲಿ ಯಾರಿಗೂ ಗೊತ್ತಿರಲಿಲ್ಲ.

"ನಾನು ಸೊಸೆಯಾಗಿ ಬಂದಾಗ್ಲೂ ಅಂಗೇ ತುಂಬ್ತಿತ್ತು," ಎಂದಳು ಬೋರಮ್ಮ. "ನಮ್ಮತ್ತೆ ಕಾಲ್ದಲ್ಲೂ ತುಂಬ್ತಿತ್ತಂತೆ. ನೆಲದಾಗಿಂದ ಉಕ್ತದೆ ಅಂದ್ಕೊಂಡಿದ್ವಿ. ನಿಮ್ ಪಾಯದ ಒಳಗಿಂದ ಬತ್ತದಾ?"

ಮಾದೇಶ ಮುಖ ಬಿಗಿದುಕೊಂಡು, ಮುಚ್ಚಿಸದೆ ಬೇರೆ ದಾರಿಯಿಲ್ಲ ಎಂದ. ಬೋರಮ್ಮ ಸೊಂಟದ ಮೇಲೆ ಕೈಯಿಟ್ಟಳು. "ಮುಚ್ಚಪ್ಪ. ಧಾರಾಳ್ವಾಗಿ ಮುಚ್ಚು. ನಾಳಿಂದ ನಮ್ ಬೀದಿ ಹಸಾನೆಲ್ಲ ನಿನ್ ಹೊಸ ಮನೆ ಬಾಗ್ಲಿಗೇ ಹೊಡ್ಕೊಂಡ್ ಬತ್ತೀನಿ. ಬಿಂದ್ಗೇಲಿ ಒಂದೊಂದಕ್ಕೂ ನೀನೇ ನೀರ್ ಕುಡ್ಸೀಯಂತೆ."

ಮಾತು ಬೆಳೆಯುವುದರಲ್ಲಿತ್ತು. ಸಾಕಮ್ಮ ಯಾರ ಪರವಾಗಿಯೂ ಮಾತಾಡಲಿಲ್ಲ. ನನ್ನ ಕಡೆ ತಿರುಗಿ, "ನೀನು ಏನಂತೀಯ ರತ್ನಮ್ಮ?" ಎಂದಳು. ಎಲ್ಲರ ಕಣ್ಣೂ ನನ್ನ ಮೇಲೆ ಬಿತ್ತು. ನನಗೆ ತೋಚಿದ್ದು ಒಂದೇ ಮಾತು. "ಮೊದಲು ಅದೇನು ಅಂತ ನೋಡೋಣ."

ಊರ ನೀರುಗಂಟಿ, ಅಂದರೆ ಗದ್ದೆಗಳಿಗೆ ಸರದಿಯಂತೆ ನೀರು ಬಿಡುವವನು, ಮಾರನೆಯ ದಿನ ಬೆಳಿಗ್ಗೆ ಸ್ವಲ್ಪ ಹೊತ್ತು ಆ ಸಣ್ಣ ಕಾಲುವೆಗೆ ಅಡ್ಡ ಕಟ್ಟಿ ನೀರು ನಿಲ್ಲಿಸಿಕೊಟ್ಟ. ಪಾಯದ ನೀರು ತಾನಾಗಿಯೇ ಇಳಿದುಹೋಯಿತು. ಜವರ ಮತ್ತು ಇಬ್ಬರು ಆಳುಗಳು ಸುತ್ತಲಿನ ಮಣ್ಣು ತೆಗೆದಾಗ ಗೊತ್ತಾಯಿತು, ನಾವು ಬಂಡೆ ಎಂದುಕೊಂಡದ್ದು ಬಂಡೆಯಲ್ಲ. ಸಾಲಾಗಿ ಒತ್ತೊತ್ತಾಗಿ ಹಾಸಿದ ಚಪ್ಪಡಿಗಳು. ಒಂದರ ಅಂಚು ಇನ್ನೊಂದರ ಅಂಚಿಗೆ ಎಷ್ಟು ಚೆನ್ನಾಗಿ ಕೂತಿತ್ತೆಂದರೆ ಕರಣೆಯ ತುದಿ ತೂರಿಸಲು ಆಗುತ್ತಿರಲಿಲ್ಲ. ಮೂರು ಹಾರೆ ಹಾಕಿ ಒಂದು ಚಪ್ಪಡಿಯನ್ನು ಒಂದು ಗೇಣು ಸರಿಸಿದರು. ಒಳಗಿನಿಂದ ತಣ್ಣನೆಯ ಗಾಳಿ ಮುಖಕ್ಕೆ ಬಡಿಯಿತು.

ನಾನು ಗುಂಡಿಗೆ ಇಳಿದು, ಹೊಟ್ಟೆಯ ಮೇಲೆ ಮಲಗಿ, ಮೊಬೈಲ್ ಟಾರ್ಚು ಹಾಕಿ ತಲೆ ಒಳಗೆ ಹಾಕಿದೆ.

ಮಕ್ಕಳೇ, ಆ ನೋಟವನ್ನು ಹೇಗೆ ಬರೆಯಲಿ ಎಂದು ಈಗಲೂ ತಿಳಿಯದು. ಅದು ಕಲ್ಲಿನಲ್ಲಿ ಕಟ್ಟಿದ ಮುಚ್ಚುಗಾಲುವೆ. ನಾವು ತೂಬು ಅನ್ನುತ್ತೇವೆ. ಎರಡು ಅಡಿ ಅಗಲ, ಹೆಚ್ಚು ಕಡಿಮೆ ಅಷ್ಟೇ ಎತ್ತರ. ಎರಡು ಪಕ್ಕದಲ್ಲೂ ಉಳಿ ಪೆಟ್ಟಿನ ಗುರುತಿರುವ ಕಲ್ಲುಗಳು. ಗಾರೆ ಇಲ್ಲ, ಸುಣ್ಣ ಇಲ್ಲ, ಸಿಮೆಂಟಂತೂ ಇಲ್ಲವೇ ಇಲ್ಲ. ಒಂದೊಂದು ಕಲ್ಲೂ ಹಿಂದಿನ ಮಣ್ಣಿಗೆ ತುಸು ಒರಗಿದಂತೆ ಕೂತಿತ್ತು. ಮಣ್ಣು ಒತ್ತಿದಷ್ಟೂ ಬಿಗಿಯಾಗಲಿ ಎಂದು ಹಾಗೆ ಕೂರಿಸಿದ್ದು. ತಳದಲ್ಲಿ ಜರಡಿ ಹಿಡಿದಂಥ ಮರಳು. ಅದರ ಮೇಲೆ ಉಳಿದಿದ್ದ ಬೆರಳುದ್ದದ ನೀರಿನಲ್ಲಿ ಅಕ್ಕಿಕಾಳಿನಂಥ ಮೀನುಮರಿಗಳು ಟಾರ್ಚಿನ ಬೆಳಕಿಗೆ ಚದುರಿದವು. ತೂಬು ದಾರ ಹಿಡಿದಂತೆ ನೇರವಾಗಿ ಹೋಗಿ, ಬಲು ದೂರದಲ್ಲಿ, ಕೆಳಗಿನ ಬೀದಿಯ ಕಡೆ, ಕಟ್ಟೆಯ ಕಲ್ಲುಸಂದಿಯಿಂದ ತೂರಿದ ಒಂದು ಸಣ್ಣ ಬೆಳಕಾಗಿ ಮುಗಿಯುತ್ತಿತ್ತು.

ಸಿಂಧಘಟ್ಟದ ಶಾಲೆಯಲ್ಲಿದ್ದಾಗ ಮೇಷ್ಟರು ನಮ್ಮನ್ನು ಹೊಸಹೊಳಲಿನ ದೇವಸ್ಥಾನಕ್ಕೆ ಕರೆದುಕೊಂಡು ಹೋಗಿದ್ದರು. ಅಲ್ಲಿನ ಕೆತ್ತನೆ ನೋಡಿ ಬಾಯಿ ಬಿಟ್ಟುಕೊಂಡು ನಿಂತಿದ್ದೆ. ಆದರೆ ಆ ಕೆತ್ತನೆ ಜನ ನೋಡಲಿ ಎಂದು ಮಾಡಿದ್ದು. ಈ ತೂಬನ್ನು ಕಟ್ಟಿದವರಿಗೆ ಇದರ ಮೇಲೆ ಮಣ್ಣು ಬೀಳುತ್ತದೆ, ಪೈರು ಬೆಳೆಯುತ್ತದೆ, ಯಾರೂ ಇದನ್ನು ನೋಡುವುದಿಲ್ಲ ಎಂದು ಗೊತ್ತಿತ್ತು. ಗೊತ್ತಿದ್ದೂ ಪ್ರತಿ ಕಲ್ಲಿನ ಮುಖವನ್ನೂ ನಯ ಮಾಡಿದ್ದರು. ನಾನು ಗೋಡೆಯ ಒಳಮೈಗೆ ಪ್ಲಾಸ್ಟರಿಂಗ್ ಮಾಡಿಸುವಾಗ, ಬೀರು ಬರುವ ಜಾಗದಲ್ಲಿ ಅಷ್ಟೇನು ನಯ ಬೇಡ ಎನ್ನುತ್ತಿದ್ದವಳು. ತಲೆ ಹೊರಗೆ ತೆಗೆದಾಗ ಕಣ್ಣು ಒದ್ದೆಯಾಗಿತ್ತು. ಮಣ್ಣು ಬಿತ್ತೆಂದು ಸೆರಗಿನಿಂದ ಒರೆಸಿಕೊಂಡೆ.

ಆಮೇಲೆ ಸಾಕಮ್ಮ ತಾನೂ ನೋಡಬೇಕು ಎಂದಳು. ವಯಸ್ಸಾದ ಹೆಂಗಸು. ಜವರ ಕೈ ಹಿಡಿದು ಇಳಿಸಿದ. ಬಹಳ ಹೊತ್ತು ಬಗ್ಗಿ ನೋಡಿದಳು. ಎದ್ದು ನಿಂತು ಮಗನನ್ನು ಕರೆದಳು.

"ನೋಡ್ಲಾ ಮಾದೇಶ. ನಾವ್ ಬರಕ್ಕೆ ಮುಂಚೇನೇ ಇಲ್ಲೊಂದು ಮನೆ ಅದೆ. ಇದನ್ನ ಮುಚ್ಚುದ್ರೆ ಮ್ಯಾಲ್ ಕೂತ್ಕಂಡು ಕೆಳಗ್ಲೋರ ಬಾಯಿಗೆ ಮಣ್ಣಾಕ್ದಂಗೆ ಆಯ್ತದೆ. ಅಂತಾ ಮನೇಲಿ ನಾನು ಹಾಲು ಉಕ್ಸಲ್ಲ."

"ಅಂಗಾರೆ ಮದ್ವೆ?"

"ಆಗಾಂಗಿದ್ರೆ ಆಯ್ತದೆ. ಇಳಿ, ನೋಡು."

ಮಾದೇಶ ಇಳಿದು ನೋಡಿದ. ಮೇಲೆ ಬಂದಾಗ ಮುಚ್ಚುವ ಮಾತು ಅವನ ಬಾಯಲ್ಲಿ ಬರಲಿಲ್ಲ. ಬೋರಮ್ಮ ಮಾತ್ರ, ತಾನೂ ಇಷ್ಟು ವರ್ಷ ನೀರು ಕುಡಿದವಳು ಎಂದು ಹೇಳಿ, ಇಳಿಯಲು ಹೋಗಿ ಅರ್ಧದಲ್ಲೇ ಸಿಕ್ಕಿಕೊಂಡಳು. ಅವಳನ್ನು ಮೇಲಕ್ಕೆತ್ತಲು ನಾಲ್ಕು ಜನ ಬೇಕಾಯಿತು.

ಮುಚ್ಚುವಂತಿಲ್ಲ. ಮನೆ ಸರಿಸಲು ಜಾಗವಿಲ್ಲ. ಅಳತೆ ಕಡಿಮೆ ಮಾಡಿದರೆ ಆಯ ಕೆಡುತ್ತದೆ ಎಂದು ಸಾಕಮ್ಮ ಒಪ್ಪುವುದಿಲ್ಲ. ಉಳಿದ ದಾರಿಯೆಂದರೆ ತೂಬನ್ನು ಹಾಗೇ ಬಿಟ್ಟು ಅದರ ಮೇಲೆ ಮನೆಯನ್ನು ದಾಟಿಸುವುದು. ಅದು ನನ್ನ ಕೈಗೆ ಮೀರಿದ ಲೆಕ್ಕ. ಪಾಂಡವಪುರದ ಇಂಜಿನಿಯರ್ ಮೇಡಂ ಅವರಿಗೆ ಫೋನು ಮಾಡಿದೆ. ನಿಮ್ಮ ತಾತ ಮಹಡಿ ಮನೆಗಳಿಗೆಲ್ಲ ಅವರಿಂದಲೇ ಕಂಬಿಯ ಲೆಕ್ಕ ಬರೆಸುತ್ತಿದ್ದರು. ಚಿಕ್ಕ ವಯಸ್ಸಿನವರು. ಬಂದವರೇ ಚಪ್ಪಲಿ ಬಿಟ್ಟು ಕೆಸರಿಗೆ ಇಳಿದರು. ಅವರೂ ತಲೆ ಒಳಗೆ ಹಾಕಿ ನೋಡಿದರು. ಆಮೇಲೆ ಹೇಳಿದ್ದು ನನಗೆ ಅಕ್ಷರ ಅಕ್ಷರ ನೆನಪಿದೆ.

"ರತ್ನಮ್ಮ, ಈ ಕಲ್ಲುಗಳ ಮೇಲೆ ನಮ್ಮ ಭಾರ ಒಂಚೂರೂ ಬೀಳಬಾರದು. ಮನೆ ಇದನ್ನ ದಾಟಬೇಕು, ತುಳೀಬಾರದು."

ಅವರು ಬರೆದುಕೊಟ್ಟಂತೆ ತೂಬಿನ ಎರಡೂ ಪಕ್ಕ, ಅದರಿಂದ ಸಾಕಷ್ಟು ದೂರದಲ್ಲಿ, ಇನ್ನೂ ಆಳಕ್ಕೆ ಇಳಿದು ಗಟ್ಟಿ ನೆಲ ಮುಟ್ಟಿ ಕಾಲಂ ನಿಲ್ಲಿಸಿದೆವು. ಒಂದು ಕಡೆಯ ಕಾಲಂನಿಂದ ಇನ್ನೊಂದು ಕಡೆಯದಕ್ಕೆ ಪ್ಲಿಂತ್ ಬೀಮ್ ಹಾಕಿದೆವು. ನೆಲಮಟ್ಟದಲ್ಲಿ ಗೋಡೆಗಳ ಭಾರ ಹೊರುವ ಕಬ್ಬಿಣ ಕಾಂಕ್ರೀಟಿನ ತೊಲೆ ಅದು. ಸೇತುವೆಯ ಹಾಗೆ ಅದು ತೂಬಿನ ಮೇಲೆ ಹಾದುಹೋಯಿತು. ಹಾಲ್‌ನ ನೆಲಕ್ಕೂ ಮಣ್ಣು ತುಂಬದೆ ಸ್ಲ್ಯಾಬ್ ಹಾಕಿದೆವು. ಸ್ಲ್ಯಾಬಿಗೂ ತೂಬಿನ ಚಪ್ಪಡಿಗೂ ನಡುವೆ ಆಳೊಬ್ಬ ಬಗ್ಗಿ ಹೋಗುವಷ್ಟು ಖಾಲಿ ಜಾಗ ಉಳಿಸಿದೆವು. ಮನೆಯ ಮುಂದೆ ಒಂದು, ಹಿಂದೆ ಒಂದು ಚೇಂಬರ್ ಕಟ್ಟಿದೆವು, ಮುಂದೆ ಯಾರಾದರೂ ಇಳಿದು ಹೂಳು ತೆಗೆಯಲು ಆಗಲಿ ಎಂದು. ಸ್ಲ್ಯಾಬ್ ಹಾಕುವ ಮುಂಚೆಯೇ, ನಾವು ಸರಿಸಿದ್ದ ಚಪ್ಪಡಿಯನ್ನು ಜವರನೇ ಮತ್ತೆ ಅದರ ಜಾಗಕ್ಕೆ ಕೂರಿಸಿದ. ಎಷ್ಟು ಪ್ರಯತ್ನಪಟ್ಟರೂ ಮೊದಲಿನಂತೆ ಕೂರಲಿಲ್ಲ. ಒಂದು ಕೂದಲೆಳೆ ಸಂದು ಉಳಿದೇ ಹೋಯಿತು. "ಅವ್ರ ಕೈ ನಮ್ಗೆಲ್ಲಿ ಬತ್ತದೆ ಬುಡಕ್ಕ," ಎಂದು ಎದ್ದ.

ಆ ಬೇಸಿಗೆಯಲ್ಲಿ ಅದೊಂದೇ ಕಟ್ಟು ನೀರು. ಆಮೇಲೆ ನಾಲೆ ಮುಚ್ಚಿತು. ತೂಬು ಒಣಗಿ ನಿಂತಿತು. ಗೋಡೆ ಎದ್ದಿತು, ತಾರಸಿಯ ಮೋಲ್ಡ್ ಬಿತ್ತು, ಬಾಗಿಲು ಕೂತಿತು. ಮನೆ ನೋಡಿದವರೆಲ್ಲ ಚೆನ್ನಾಗಿದೆ ಎಂದರು. ಆದರೆ ಈ ಊರಿನ ಮಾತು ನಾಗಮಂಗಲದ ತನಕ ಹೋಗದೆ ಇರುತ್ತದೆಯೇ. ಸಾಕಮ್ಮ ಹೊಳೆಯ ಮೇಲೆ ಮನೆ ಕಟ್ಟಿದ್ದಾಳೆ, ನಾಲೆ ತುಂಬಿದ ದಿನ ಮನೆ ಕೂತೇ ಹೋಗುತ್ತದೆ ಎಂದು ಯಾರೋ ಹೇಳಿದ್ದರು. ಬೆಟ್ಟೇಗೌಡರು ಮಾತು ಕಳಿಸಿದರು. ನೀರಿನ ಮೇಲಿನ ಮನೆಗೆ ಮಗಳನ್ನು ಕೊಡುವುದಿಲ್ಲ. ಬೇಕಾದರೆ ನಾಲೆಗೆ ತುಂಬು ನೀರು ಬಿಟ್ಟ ಮೇಲೆ ತಾವೇ ಬಂದು ನೋಡಿ, ಆಮೇಲೆ ಮಾತಾಡುತ್ತಾರಂತೆ.

ಅವರ ಮೇಲೆ ನನಗೆ ಸಿಟ್ಟು ಬರಲಿಲ್ಲ. ನನ್ನ ಮನಸ್ಸಿನಲ್ಲೂ ಅದೇ ಭಯವಿತ್ತು. ಇಂಜಿನಿಯರ್ ಮೇಡಂ ಕೂಡ, ಈ ಮನೆಯ ನಿಜವಾದ ಪರೀಕ್ಷೆ ನೀರು ಬಂದಾಗಲೇ ಎಂದಿದ್ದರು. ಅವರು ಹೇಳಿಕೊಟ್ಟಂತೆ ಗೋಡೆಗಳ ಮೂಲೆಯಲ್ಲಿ ಅಡ್ಡಲಾಗಿ ತೆಳು ಗಾಜಿನ ಪಟ್ಟಿಗಳನ್ನು ಸಿಮೆಂಟಿನಿಂದ ಅಂಟಿಸಿದ್ದೆ. ಗೋಡೆ ಕೂದಲೆಳೆಯಷ್ಟು ಅಲುಗಿದರೂ ಗಾಜು ಸೀಳುತ್ತದೆ.

ಮುಂಗಾರು ಹಿಡಿದು ಅಣೆಕಟ್ಟೆ ತುಂಬಿ ನಾಲೆಗೆ ನೀರು ಬಿಟ್ಟರು. ಬೆಳಗಾಗುತ್ತಲೇ ಹೋದೆ. ಸಾಕಮ್ಮ ಹಾಲ್‌ನ ನಡುವೆ ಚಾಪೆ ಹಾಕಿಕೊಂಡು ಕುಳಿತಿದ್ದಳು. ಮಾತಾಡಬೇಡ ಎಂದು ಬೆರಳು ತೋರಿಸಿದಳು. ನಾನೂ ಕುಳಿತೆ. ಮೊದಲು ಏನೂ ಕೇಳಿಸಲಿಲ್ಲ. ಆಮೇಲೆ ನೆಲದ ಕೆಳಗಿನಿಂದ, ಬಟ್ಟೆ ಸರಿದಂತೆ ಒಂದು ಸದ್ದು. ಅದು ಬರಬರುತ್ತಾ ಗಟ್ಟಿಯಾಗಿ, ಒಂದೇ ಸಮನೆ ಕೇಳತೊಡಗಿತು. ಗೋಡೆಗಳಲ್ಲಿ ಒಂದು ಚೂರು ನಡುಕವಿಲ್ಲ. ಮೂಲೆ ಮೂಲೆಗೂ ಹೋಗಿ ಗಾಜು ಮುಟ್ಟಿ ನೋಡಿದೆ. ಒಂದೂ ಸೀಳಿರಲಿಲ್ಲ. ಅಷ್ಟರಲ್ಲಿ ಕೆಳಗಿನ ಬೀದಿಯಿಂದ ಬೋರಮ್ಮನ ದನಿ ಬಂತು. "ಬಂತು ಕಣಮ್ಮೋ, ಕಟ್ಟೆಗೆ ನೀರು ಬಂತು."

ಬೆಟ್ಟೇಗೌಡರು ಬಂದದ್ದು ನಾಲೆ ತುಂಬಿ ಹರಿಯತೊಡಗಿದ ಮೇಲೆ. ಸಾಕಮ್ಮ ನನ್ನನ್ನೂ ಕರೆಸಿದ್ದಳು. ನಾನು ಅಡಿಗೆಮನೆಯ ಬಾಗಿಲಲ್ಲಿ ನಿಂತೆ. ಅವರು ಕಾಫಿ ಮುಟ್ಟಲಿಲ್ಲ. ಗೋಡೆಗೆಲ್ಲ ಕೈಯಾಡಿಸಿದರು, ಮೂಲೆಯ ಗಾಜು ನೋಡಿ ಅದೇನು ಎಂದು ಕೇಳಿ ತಿಳಿದುಕೊಂಡರು. ಆಮೇಲೆ, "ಎಲ್ಲಿ ನಿಮ್ ನೀರು?" ಎಂದರು.

ಸಾಕಮ್ಮ ಹಾಲ್‌ನ ನೆಲ ತೋರಿಸಿದಳು.

ಅವರು ಹೆಗಲ ಮೇಲಿನ ಟವೆಲ್ಲು ನೆಲಕ್ಕೆ ಹಾಸಿ, ಅಷ್ಟು ದೊಡ್ಡ ಆಳು, ನಿಧಾನವಾಗಿ ಮಲಗಿ ಕಿವಿಯನ್ನು ನೆಲಕ್ಕೆ ಇಟ್ಟರು. ಬೆಟ್ಟೇಗೌಡರು ಏಳಲಿಲ್ಲ. ಕಣ್ಣು ಮುಚ್ಚಿದರು. ನಿದ್ದೆ ಹೋದರೇನೋ ಎಂದು ನಾವು ಮುಖ ಮುಖ ನೋಡಿಕೊಂಡೆವು.

"ನೀರು ಓಯ್ತಾ ಅದೆ," ಎಂದರು ಕೊನೆಗೆ, ಕಣ್ಣು ತೆರೆಯದೆ. "ನಮ್ ಕಡೆ ಬೋರು ಕೊರಿಸ್ತಾ ನಿಂತ್ರೆ ಧೂಳು ಬತ್ತದೆ ಕಣಮ್ಮ. ಬರೀ ಧೂಳು. ನೆಲದೊಳಗೆ ಇಂತಾ ಸದ್ದು ಇರ್ತದೆ ಅಂತ ನಂಗೆ ಗೊತ್ತೇ ಇರ್ನಿಲ್ಲ."

ಎದ್ದು ಕುಳಿತರು. ಟವೆಲ್ಲಿನಿಂದ ಮುಖ ಒರೆಸಿಕೊಂಡರು. "ನನ್ ಮಗ್ಳು ಬಿಂದ್ಗೆ ಹೊತ್ತೇ ಬೆಳ್ದೋಳು. ಟ್ಯಾಂಕರ್ ಬತ್ತದೆ ಅಂತ ಸ್ಕೂಲು ಬುಟ್ಟು ಓಡಿ ಬತ್ತಿದ್ಲು. ಇಲ್ಲಿ ಮನಗಿದ್ರೂ ನೀರಿನ ಸದ್ದು ಕೇಳ್ತಾಳೆ." ತಣ್ಣಗಾಗಿದ್ದ ಕಾಫಿ ಲೋಟ ಕೈಗೆತ್ತಿಕೊಂಡು, "ಲಗ್ನ ಯಾವತ್ತು ಇಟ್ಕಳಾಣ ಏಳಿ," ಎಂದರು.

ಈಗ ಆ ಮನೆಯಲ್ಲಿ ಸೊಸೆಯಿದ್ದಾಳೆ. ಮಗುವೂ ಆಗಿದೆ. ಗೋಡೆಗಳು ಹಾಗೆಯೇ ನೆಟ್ಟಗಿವೆ.

ನಾನು ಕೆಲಸ ಕಲಿತಾಗ, ಖಾಲಿ ಜಾಗಕ್ಕೆ ಹೋಗಿ ಗೆರೆ ಹಾಕುವುದರಿಂದ ಮನೆ ಶುರುವಾಗುತ್ತದೆ ಎಂದುಕೊಂಡಿದ್ದೆ. ಖಾಲಿ ಜಾಗ ಎನ್ನುವುದು ಇಲ್ಲ ಎಂದು ಸಾಕಮ್ಮನ ಪಾಯ ನನಗೆ ಕಲಿಸಿತು. ಯಾರೋ ಮೊದಲೇ ಅಲ್ಲಿ ಕೆಲಸ ಮಾಡಿ ಹೋಗಿರುತ್ತಾರೆ. ಆ ಕೆಲಸ ಇನ್ನೂ ಯಾರದೋ ಹೊಟ್ಟೆ ತಣ್ಣಗಿಟ್ಟಿರುತ್ತದೆ. ನಾವು ಎರಡನೆಯವರೋ ಹತ್ತನೆಯವರೋ ಆಗಿ ಬರುತ್ತೇವೆ. ಅದಕ್ಕೇ ಈಗ ಯಾರ ಮನೆಯ ಕೆಲಸ ಹಿಡಿದರೂ ಸುಣ್ಣದ ಗೆರೆ ಹಾಕುವ ಮುಂಚೆ ನಾನು ಆ ಜಾಗದಿಂದ ಇಳಿಜಾರಿನ ಕಡೆಗೆ ನಡೆದುಹೋಗುತ್ತೇನೆ. ನೀವೂ ಮುಂದೆ ಎಲ್ಲಾದರೂ ಮನೆ ಕಟ್ಟಿಸುವಿರಿ. ಆಗ ಹಾಗೆಯೇ ಮಾಡಿ. ಕೆಳಗಿನ ಬೀದಿಗೆ ಹೋಗಿ, ಅಲ್ಲಿ ಬಟ್ಟೆ ಒಗೆಯುತ್ತಿರುವ ಯಾರಾದರೊಬ್ಬ ಅಜ್ಜಿಯ ಪಕ್ಕ ಕುಳಿತು, ನಿಮಗೆ ನೀರು ಎಲ್ಲಿಂದ ಬರುತ್ತದೆ ಅಜ್ಜಿ ಎಂದು ಕೇಳಿ. ಅವಳು ಹೇಳುವುದನ್ನು ಪೂರ್ತಿ ಕೇಳಿಸಿಕೊಂಡ ಮೇಲೆ ಗುದ್ದಲಿ ಎತ್ತಿ.